ಸರ್ವರಾಷ್ಟ್ರಗಳ ಲೇಖ್ಯಗಳೂ ಸಾರ್ವಜನಿಕ ಗ್ರಂಥಭಂಡಾರಗಳೂ

೧

ರಾಜ್ಯರಾಜ್ಯಗಳ ನಡುವೆ ನಡೆಯುವ ಒಪ್ಪಂದಗಳೂ ಪತ್ರವ್ಯವಹಾರಗಳೂ ಪ್ರಜೆಗಳ ಕಣ್ಣಿಗೆ ಬೀಳತಕ್ಕವೇ ಎಂಬ ಪ್ರಶ್ನೆಗೆ ಬಹುಕಾಲದವರೆಗೆ ಇಲ್ಲವೆಂಬುದೇ ಉತ್ತರವಾಗಿದ್ದಿತು. ಅರಸನಿಗೂ ಮಂತ್ರಿಗೂ ತಿಳಿದಿದ್ದರೆ ಸಾಕು, ಯುದ್ಧವೊದಗಿದಾಗ ಪ್ರಾಣ ಕೊಡುವವನಿಗೆ ಯುದ್ಧದ ಕಾರಣವು ತಿಳಿದಿರಬೇಕಾದುದಿಲ್ಲ ಎಂಬುದು ಆ ಕಾಲದ ರಾಜನೀತಿ. ಈ ನೀತಿಯು ಹೇಗೆ ಸಡಿಲವಾಯಿತೆಂಬುದನ್ನು ರಾಜಕೀಯ ಚರಿತ್ರೆಯನ್ನು ಬರೆದವರು ವಿಸ್ತಾರವಾಗಿ ಹೇಳಿದ್ದಾರೆ. ಆದರೆ ಸಡಿಲವಾದ ಮೇಲೆ ಆ ಲೇಖ್ಯಗಳು ಓದುಗನ ಕೈಗೆ ಯಾರ ಮೂಲಕ, ಯಾವ ಕ್ರಮದಿಂದ ಬಂದುವೆಂಬ ವಿಷಯವು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅದು ಗ್ರಂಥಭಂಡಾರಿಗಳ ಚರಿತ್ರೆಗೆ ಸೇರಿದ ಸಂಗತಿಯೆಂದು ರಾಜಕೀಯ ಚರಿತ್ರಕಾರರು ಬಿಟ್ಟಿದ್ದಾರೆ; ರಾಜಕೀಯಕ್ಕೆ ಸೇರಿದ್ದೆಂದು ಗ್ರಂಥಭಂಡಾರಶಾಸ್ತ್ರಜ್ಞರೂ ಬಿಟ್ಟಿರುವುದುಂಟು.

ಇಲ್ಲಿ ಮೊದಲೇ ಒಂದು ವಿವೇಚನೆಯನ್ನು ಮಾಡಿಕೊಳ್ಳುವುದು ಅವಶ್ಯಕ. ಪ್ರಕಟನೆ ಬೇರೆ, ಪ್ರಾಪ್ತಿ ಬೇರೆ. ದಾನಶಾಸನವನ್ನು ಕಲ್ಲಿನಲ್ಲಿ ಕೊರೆಯಿಸಿ ಊರ ನಡುವೆ ನಿಲ್ಲಿಸುವುದಕ್ಕೂ, ತಾಮ್ರಪಟದಲ್ಲಿ ಬರೆಯಿಸಿ ಪ್ರತಿಗ್ರಹೀತನ ಪೆಟ್ಟಿಗೆಯಲ್ಲಿ ಇಡಿಸುವುದಕ್ಕೂ ಇರುವ ಅಂತರವನ್ನು ಶಾಸನಗಳನ್ನು ಓದಿದವರು ಬಲ್ಲರು. ಎರಡರಲ್ಲಿಯೂ ಬರೆದಿರುವುದು ಒಂದೇ ಆಗಿರಬಹುದು. ಒಂದು ಎಲ್ಲರಿಗೂ ಸಾಕ್ಷಿ, ಇನ್ನೊಂದು ಉಳ್ಳವನಿಗೆ ಮಾತ್ರ ಸಾಕ್ಷಿ. ಅಚ್ಚಾದ ಸರ್ಕಾರಿ ಲೇಖ್ಯವೂ ಹಾಗೆಯೇ. ಅದು ಅಚ್ಚಾದ ಮಾತ್ರಕ್ಕೆ ಕಲ್ಲಿನ ಶಾಸನವಾಗುವುದಿಲ್ಲ. ಯಾರು ಬೇಕಾದರೂ ಬಂದು ಕೇಳಬಹುದಾದ ಸ್ಥಳದಲ್ಲಿ, ಕೇಳಿದರೆ ಸಿಕ್ಕುವ ಹಾಗೆ ಅದನ್ನು ಇಟ್ಟಾಗ ಮಾತ್ರ ಅದು ಸಾರ್ವಜನಿಕವಾಗುತ್ತದೆ. ಈ ಎರಡನೆಯ ಕಾರ್ಯವೇ ಗ್ರಂಥಭಂಡಾರಿಯದು.

೨

ಈ ಚರಿತ್ರೆಯ ಮೊದಲಲ್ಲಿ ನಿಲ್ಲುವ ವ್ಯಕ್ತಿ ವಿದ್ವಾಂಸನೂ ಅಲ್ಲ, ರಾಜಕಾರಣಿಯೂ ಅಲ್ಲ. ಫ್ರಾನ್ಸ್ ದೇಶದ ಅಲೆಕ್ಸಾಂದ್ರ್ ವಾತ್ತೆಮಾರ್ (೧೭೯೬–೧೮೬೪) ಎಂಬಾತನು ನಾಟಕಶಾಲೆಗಳಲ್ಲಿ ತುಟಿಯಲುಗಿಸದೆ ಹಲವು ದನಿಗಳಲ್ಲಿ ಮಾತನಾಡಿ ಯೂರೋಪಿನ ಊರೂರುಗಳಲ್ಲಿ ಹೆಸರು ಪಡೆದವನು. ಹೋದ ಊರುಗಳಲ್ಲೆಲ್ಲ ಪುಸ್ತಕಭಂಡಾರಗಳನ್ನು ನೋಡುವುದು ಅವನ ಅಭ್ಯಾಸ. ಒಂದು ಕಡೆ ಒಂದೇ ಗ್ರಂಥದ ಅನೇಕ ಪ್ರತಿಗಳು ಧೂಳು ಹಿಡಿದಿರುವುದನ್ನೂ, ಮತ್ತೊಂದು ಕಡೆ ಅದರ ಒಂದು ಪ್ರತಿಯೂ ಇಲ್ಲದಿರುವುದನ್ನೂ ಕಂಡು, ದೇಶದೇಶಗಳು ತಮ್ಮಲ್ಲಿ ಹೆಚ್ಚಾಗಿರುವುದನ್ನು ಪರಸ್ಪರ ವಿನಿಮಯ ಮಾಡಿಕೊಳ್ಳಬೇಕೆಂಬ ಯೋಚನೆಯನ್ನು ಅವನು ತಾಳಿದನು. ೧೮೪೦ರಲ್ಲಿ ಅಮೆರಿಕಾದ ಸಂಯುಕ್ತ ಸಂಸ್ಥಾನಗಳ ಕಾಂಗ್ರೆಸ್ಸು ಇವನ ಮಾತಿಗೆ ಕಿವಿಗೊಟ್ಟು ಇಂತಹ ವಿನಿಮಯಕ್ಕೆ ಒಪ್ಪಿಗೆಯಿತ್ತಿತು. ಒಬ್ಬನ ಉತ್ಸಾಹದ ಮೇಲೆ ನಿಂತಿದ್ದ ಆ ಏರ್ಪಾಡು ಬಹುಕಾಲ ಬಾಳಲಿಲ್ಲ. ಆದರೆ ಯೋಚನೆಯು ಬಾಳಿತು.

ಮುಂದೆ ಈ ಕಾರ್ಯವು ವಾಷಿಂಗ್ಟನ್ ನಗರದ ಸ್ಮಿತ್‌ಸೋನಿಯನ್ ಸಂಸ್ಥೆಯ ಕೈಗೆ ಬಂದಿತು. ೧೮೬೭ರಲ್ಲಿ ಅಮೆರಿಕಾದ ಕಾಂಗ್ರೆಸ್ಸು ತನ್ನ ಸರ್ಕಾರದ ಪ್ರತಿಯೊಂದು ಮುದ್ರಿತ ಲೇಖ್ಯದ ಐವತ್ತು ಪ್ರತಿಗಳನ್ನು ವಿದೇಶಗಳೊಡನೆ ವಿನಿಮಯಕ್ಕಾಗಿ ತೆಗೆದಿಡಬೇಕೆಂದು ವಿಧಿಸಿತು. ೧೮೮೬ನೆಯ ಮಾರ್ಚಿ ತಿಂಗಳ ೧೫ನೆಯ ದಿನ ಬ್ರಸೆಲ್ಸ್ ನಗರದಲ್ಲಿ ಎರಡು ಒಪ್ಪಂದಗಳಾದುವು. ಒಂದು, ಸರ್ಕಾರಿ ಲೇಖ್ಯಗಳೂ ಶಾಸ್ತ್ರಗ್ರಂಥಗಳೂ ವಿನಿಮಯವಾಗತಕ್ಕುದೆಂಬುದು. ಇನ್ನೊಂದು, ಶಾಸನಸಭೆಗಳ ನಡವಳಿಕೆಗಳೂ ಸರ್ಕಾರಿ ಪತ್ರಿಕೆಗಳೂ ಅಚ್ಚಾದ ಕೂಡಲೆ ವಿನಿಮಯವಾಗತಕ್ಕುದೆಂಬುದು. ಮೊದಲನೆಯ ಒಪ್ಪಂದಕ್ಕೆ ಬೆಲ್ಜಿಯಂ, ಬ್ರೆಜಿಲ್, ಇಟಲಿ, ಪೋರ್ಚುಗಲ್, ಸರ್ಬಿಯಾ, ಸ್ಪೇನ್, ಸ್ವಿಟ್ಸರ್ಲೆಂಡ್, ಅಮೆರಿಕಾ ಎಂಬ ಎಂಟು ರಾಜ್ಯಗಳು ಸಹಿ ಹಾಕಿದುವು. ಬ್ರಿಟನ್ ಇವುಗಳಲ್ಲಿ ಸೇರಿರಲಿಲ್ಲ.

ಈ ಏರ್ಪಾಡಿನ ಗುಣವೂ ದೋಷವೂ ಒಂದೇ ಕಡೆಯಿಂದ ಬಂದುವು. ಲೇಖ್ಯವು ಸರ್ಕಾರದಿಂದ ಸರ್ಕಾರಕ್ಕೆ ಹೋಗುವ ಕಾಣಿಕೆಯಾಗಿದ್ದಿತು. ಪಡೆದ ರಾಜ್ಯವು ಅದನ್ನು ತನ್ನ ಪ್ರಜೆಗಳಿಗೆ ತೋರಿಸಬೇಕೆಂಬ ಕಟ್ಟಳೆಯು ಎಲ್ಲಿಯೂ ಇರಲಿಲ್ಲ. ಅಲ್ಲದೆ ಸರ್ಕಾರವು ತಾನಾಗಿ ಅಚ್ಚು ಹಾಕಿಸಿದುದು ಮಾತ್ರ ಹೀಗೆ ಸಂಚರಿಸುತ್ತಿತ್ತು. ಮರೆಯಲ್ಲಿಟ್ಟುದು ಮರೆಯಲ್ಲಿಯೇ ಇರುತ್ತಿತ್ತು.

೩

ಮೊದಲನೆಯ ಮಹಾಯುದ್ಧವು ಈ ಮರೆಯನ್ನು ಹರಿಯಿತು. ೧೯೧೭ನೆಯ ನವೆಂಬರಿನಲ್ಲಿ ರಷ್ಯಾದಲ್ಲಿ ಅಧಿಕಾರಕ್ಕೆ ಬಂದ ಬೋಲ್‌ಷೆವಿಕರು ಹಿಂದಿನ ಸರ್ಕಾರದ ದಫ್ತರದಲ್ಲಿದ್ದ ಗುಪ್ತ ಒಪ್ಪಂದಗಳನ್ನು ಅಚ್ಚು ಹಾಕಿಸಿದರು. ಯುದ್ಧವು ಇನ್ನೂ ನಡೆಯುತ್ತಿರುವಾಗಲೇ ಮಿತ್ರರಾಜ್ಯಗಳು ಪರರ ಭೂಮಿಯನ್ನು ತಮ್ಮ ತಮ್ಮಲ್ಲಿ ಹಂಚಿಕೊಂಡಿದ್ದುದು ಲೋಕಕ್ಕೆ ತಿಳಿಯಿತು. ಎರಡು ತಿಂಗಳೊಳಗಾಗಿ, ೧೯೧೮ನೆಯ ಜನವರಿ ೮ರಂದು, ಅಮೆರಿಕಾದ ಅಧ್ಯಕ್ಷ ವುಡ್ರೊ ವಿಲ್ಸನ್ನನು ತನ್ನ ಹದಿನಾಲ್ಕು ಅಂಶಗಳನ್ನು ಸಾರಿದಾಗ ಬಹಿರಂಗವಾದ ಒಪ್ಪಂದಗಳನ್ನೇ ಮೊದಲನೆಯ ಅಂಶವಾಗಿ ಇಟ್ಟನು. ಯುದ್ಧಾನಂತರ ಹುಟ್ಟಿದ ಸರ್ವರಾಷ್ಟ್ರಸಂಘದ ನಿಬಂಧನೆಯ ೧೮ನೆಯ ವಿಧಿಯಲ್ಲಿ ಈ ಅಂಶವು ಶಾಸನರೂಪವನ್ನು ತಾಳಿತು. ಸದಸ್ಯರಾಜ್ಯವು ಮಾಡಿಕೊಳ್ಳುವ ಪ್ರತಿಯೊಂದು ಒಪ್ಪಂದವೂ ಸಂಘದ ಕಾರ್ಯಾಲಯದಲ್ಲಿ ದಾಖಲೆಯಾಗಿ ಪ್ರಕಟವಾಗಬೇಕು. ದಾಖಲೆಯಾಗದುದು ಯಾರನ್ನೂ ಕಟ್ಟುವುದಿಲ್ಲ. ಈ ವಿಧಿಯ ಫಲವಾಗಿ ಹೊರಬಿದ್ದ ಒಪ್ಪಂದಗಳ ಮಾಲೆಯು ೨೦೫ ಸಂಪುಟಗಳವರೆಗೆ ಬೆಳೆದು, ಅದರಲ್ಲಿ ೪,೮೩೪ ಒಪ್ಪಂದಗಳು ಅಡಕವಾದುವು.

ಜಿನೀವಾ ನಗರದಲ್ಲಿ ಸಂಘದ ಗ್ರಂಥಭಂಡಾರವನ್ನು ಕಟ್ಟಿದವಳು ಫ್ಲಾರೆನ್ಸ್ ವಿಲ್ಸನ್ ಎಂಬ ಅಮೆರಿಕಾದ ಮಹಿಳೆ. ೧೯೨೬ರ ವರೆಗೆ ಅವಳು ಅದರ ಮುಖ್ಯಸ್ಥಳಾಗಿದ್ದಳು. ಅವಳ ತರುವಾಯ ಹಾಲೆಂಡಿನ ಸೆವೆನ್ಸ್‌ಮಾ ಎಂಬಾತನು ೧೯೨೭ರಿಂದ ೧೯೩೮ರ ವರೆಗೆ ಆ ಸ್ಥಾನದಲ್ಲಿದ್ದನು. ೧೯೨೭ರಲ್ಲಿ ಕಿರಿಯ ಜಾನ್ ಡಿ. ರಾಕ್‌ಫೆಲರನು ಇಪ್ಪತ್ತು ಲಕ್ಷ ಡಾಲರುಗಳನ್ನು ಈ ಭಂಡಾರಕ್ಕೆ ದಾನವಾಗಿ ಕೊಟ್ಟನು. ಸಂಘದ ನೌಕರರ ಉಪಯೋಗಕ್ಕೆಂದು ಹುಟ್ಟಿದ ಭಂಡಾರವು ಈ ದಾನದಿಂದ ಸರ್ವದೇಶದ ಸಂಶೋಧಕರಿಗೂ ನೆಲೆಯಾಗುವಂತಾಯಿತು.

ಅಮೆರಿಕಾವು ಸಂಘದ ಸದಸ್ಯತ್ವವನ್ನು ಸ್ವೀಕರಿಸಲಿಲ್ಲವೆಂಬುದು ಸರ್ವವಿದಿತವಾದ ಸಂಗತಿ. ಆದರೂ ಸಂಘದ ಲೇಖ್ಯಗಳನ್ನು ಹರಡುವುದರಲ್ಲಿ ಆ ದೇಶದವರೇ ಮುಂದಾಗಿದ್ದರು. ಬೋಸ್ಟನ್ನಿನ ವಿಶ್ವಶಾಂತಿ ಪ್ರತಿಷ್ಠಾನವು ಅಲ್ಲಿ ಸಂಘದ ಪ್ರಕಟನೆಗಳ ಮಾರಾಟವನ್ನು ವಹಿಸಿಕೊಂಡಿತು. ನ್ಯೂಯಾರ್ಕಿನಲ್ಲಿ ವಿಲ್ಸನ್ನನ ಹೆಸರಿನ ಒಂದು ಭಂಡಾರವು ಸಂಘದ ಲೇಖ್ಯಗಳ ಸಂಗ್ರಹಕ್ಕಾಗಿಯೇ ಮೀಸಲಾಯಿತು. ಶಾಸನಸಭೆಯು ಮುಚ್ಚಿದ ಬಾಗಿಲನ್ನು ಗ್ರಂಥಭಂಡಾರಗಳು ಇಷ್ಟಿಷ್ಟೆ ತೆರೆದಿಟ್ಟವು ಎಂದರೆ ಅತಿಶಯೋಕ್ತಿಯಾಗದು.

ಭಾರತದ ಸ್ಥಿತಿಯು ಇದಕ್ಕೆ ಪ್ರತಿಯಾದುದು. ಸ್ವಾತಂತ್ರ್ಯವಿಲ್ಲದಿದ್ದರೂ ಭಾರತವು ಸಂಘದ ಮೂಲಸದಸ್ಯರಲ್ಲಿ ಒಂದು, ಚಂದಾ ಹಣವನ್ನು ತೆರುತ್ತಿದ್ದಿತು, ಪ್ರತಿನಿಧಿಗಳನ್ನು ಕಳುಹಿಸುತ್ತಿದ್ದಿತು. ಪ್ರತಿನಿಧಿಗಳನ್ನು ಆರಿಸುತ್ತಿದ್ದುದು ಮಾತ್ರ ಸರ್ಕಾರ, ಪ್ರಜೆಗಳಲ್ಲ. ೧೯೩೦ರ ದಶಕದಲ್ಲಿ ಮುಂಬಯಿಯಲ್ಲಿ ಸಂಘದ ಒಂದು ಶಾಖಾ ಕಾರ್ಯಾಲಯವಿದ್ದಿತು. ತನ್ನ ಹೆಸರಿನಲ್ಲಿ ಜಿನೀವಾದಲ್ಲಿ ಏನನ್ನು ಆಡಿದರೆಂಬುದನ್ನು ತಿಳಿಯಬೇಕೆಂದ ಭಾರತೀಯನಿಗೆ ಈ ಲೇಖ್ಯಗಳು ಅಮೆರಿಕಾದವನಿಗಿಂತ ಹೆಚ್ಚು ಅವಶ್ಯಕವಾಗಿದ್ದುವು. ಸಿಕ್ಕುವುದು ಮಾತ್ರ ಹೆಚ್ಚು ಕಷ್ಟವಾಗಿದ್ದಿತು.

೪

ಲೇಖ್ಯಗಳು ಕೈಗೆ ಬಂದ ಮೇಲೆಯೂ ತೊಡಕು ತೀರಲಿಲ್ಲ. ಸಾಮಾನ್ಯ ಗ್ರಂಥಕ್ಕೆ ಕರ್ತೃವುಂಟು, ಹೆಸರುಂಟು. ಸಂಘದ ಲೇಖ್ಯಕ್ಕೆ ಕರ್ತೃವು ಒಂದು ಸಮಿತಿ. ಹೆಸರು ಎಷ್ಟೋ ಲೇಖ್ಯಗಳಿಗೆ ಸಾಮಾನ್ಯವಾದುದು. ಗುರುತು ಒಂದು ಸಂಖ್ಯೆ. ಕೌನ್ಸಿಲಿಗೆ ಹಂಚಿದುದಕ್ಕೆ 'ಸಿ' ಎಂಬ ಅಕ್ಷರ, ಮಹಾಸಭೆಗೆ ಹಂಚಿದುದಕ್ಕೆ 'ಎ', ಸದಸ್ಯರಾಜ್ಯಗಳಿಗೆ ಕಳುಹಿಸಿದುದಕ್ಕೆ 'ಎಂ'. ಕೌನ್ಸಿಲಿಗೂ ಸದಸ್ಯರಿಗೂ ಹೋದ ಒಂದೇ ಲೇಖ್ಯವು ಎರಡು ಸಂಖ್ಯೆಗಳನ್ನು ಒಟ್ಟಿಗೆ ಹೊರುತ್ತಿತ್ತು. ಅದು ಮಾರಾಟಕ್ಕೂ ಬಂದರೆ ವರ್ಷ, ವಿಷಯವಿಭಾಗ, ಕ್ರಮ ಇವುಗಳನ್ನು ತಿಳಿಸುವ ಮೂರನೆಯ ಸಂಖ್ಯೆಯೊಂದು ಸೇರುತ್ತಿತ್ತು. ವಿಷಯವಿಭಾಗಗಳಿಗೆ ರೋಮನ್ ಅಂಕಗಳು: ಮೂರು ಆರೋಗ್ಯಕ್ಕೆ, ಐದು ನ್ಯಾಯಕ್ಕೆ, ಏಳು ರಾಜಕೀಯಕ್ಕೆ, ಒಂಬತ್ತು ನಿಶ್ಶಸ್ತ್ರೀಕರಣಕ್ಕೆ, ಹನ್ನೊಂದು ಅಫೀಮಿನ ವ್ಯಾಪಾರದ ನಿರೋಧಕ್ಕೆ. ಇದರ ಮರ್ಮವನ್ನರಿಯದ ಓದುಗನು ಭಂಡಾರದೊಳಗೆ ನಿಂತಿದ್ದರೂ ಹೊರಗೆ ನಿಂತವನಂತೆಯೇ.

ಈ ಕಾರಣದಿಂದ ಗ್ರಂಥಭಂಡಾರಿಯ ಕೆಲಸವು ಕಾಯುವುದರಿಂದ ದಾರಿ ತೋರಿಸುವುದಕ್ಕೆ ತಿರುಗಿತು. ಜಿನೀವಾ ಭಂಡಾರದಲ್ಲಿದ್ದ ಬ್ರೈಖಾ-ವೊತಿಯೆ ಎಂಬ ಆಸ್ಟ್ರಿಯಾದ ವಿದ್ವಾಂಸನು ಸಂಘದ ಪ್ರಕಟನೆಗಳಿಗೆ ಕೈಪಿಡಿಯೊಂದನ್ನು ರಚಿಸಿದನು. ೧೯೩೯ರಲ್ಲಿ ಅದು ಇಂಗ್ಲಿಷಿನಲ್ಲಿ ಹೊರಬಂದಿತು. ಸಂಘವು ಮುಗಿದ ಮೇಲೆ, ೧೯೫೧ರಲ್ಲಿ, ಹಾನ್ಸ್ ಔಫ್‌ರಿಖ್ಟನು ಇನ್ನೂ ದೊಡ್ಡದಾದ ಒಂದು ಮಾರ್ಗದರ್ಶಿಯನ್ನು ಪ್ರಕಟಿಸಿದನು. ಇಂತಹ ಪುಸ್ತಕಗಳನ್ನು ಯಾರೂ ಆದ್ಯಂತವಾಗಿ ಓದುವುದಿಲ್ಲ. ಆದರೆ ಇವುಗಳಿಲ್ಲದೆ ಉಳಿದುದನ್ನು ಓದುವುದಕ್ಕಾಗುವುದಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಸಂಘದ ಕಾರ್ಯಾಲಯವು ಚದರಿತು. ೧೯೪೦ರಲ್ಲಿ ಆರ್ಥಿಕ ವಿಭಾಗವು ಅಟ್ಲಾಂಟಿಕ್ ಸಮುದ್ರವನ್ನು ದಾಟಿ ಅಮೆರಿಕಾದ ಪ್ರಿನ್ಸ್‌ಟನ್ನಿಗೆ ಹೋಯಿತು. ಜಿನೀವಾದಲ್ಲಿ ಕೆಲವೇ ಮಂದಿ ಉಳಿದರು. ಯುದ್ಧವು ಆ ನಗರವನ್ನು ಮುಟ್ಟಲಿಲ್ಲವಾಗಿ ಭಂಡಾರವು ಹಾಳಾಗದೆ ಉಳಿಯಿತು. ೧೯೪೬ನೆಯ ಏಪ್ರಿಲಿನಲ್ಲಿ ಸಂಘವು ತನ್ನ ಕಡೆಯ ಮಹಾಸಭೆಯನ್ನು ನಡೆಸಿ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಅದೇ ವರ್ಷ ಭಂಡಾರವು ವಿಶ್ವಸಂಸ್ಥೆಯ ವಶವಾಯಿತು. ಸಂಘದ ಬಾಳು ಇಪ್ಪತ್ತಾರು ವರ್ಷ; ಸಂಘದ ಕಾಗದಗಳ ಬಾಳಿಗೆ ಅಂತಹ ಮಿತಿಯೊದಗಲಿಲ್ಲ.

೫

ವಿಶ್ವಸಂಸ್ಥೆಯು ಹಿಂದಿನ ಸಂಘದ ಅನುಭವದಿಂದ ಎರಡು ಪಾಠಗಳನ್ನು ಕಲಿತಿತು. ಒಪ್ಪಂದಗಳ ವಿಷಯದಲ್ಲಿ ಅದರ ಸನ್ನದಿನ ೧೦೨ನೆಯ ವಿಧಿಯು ಹಳೆಯ ೧೮ನೆಯ ವಿಧಿಗಿಂತ ಸೌಮ್ಯವಾದರೂ ಹೆಚ್ಚು ನಡೆಯತಕ್ಕುದಾಗಿದೆ: ದಾಖಲೆಯಾಗದ ಒಪ್ಪಂದವು ಸುಳ್ಳಾಗುವುದಿಲ್ಲ, ಆದರೆ ವಿಶ್ವಸಂಸ್ಥೆಯ ಯಾವ ಅಂಗದ ಮುಂದೆಯೂ ಅದನ್ನು ಎತ್ತಿ ಹೇಳುವಂತಿಲ್ಲ. ಎರಡನೆಯ ಪಾಠವು ಭಂಡಾರಗಳಿಗೆ ಸಂಬಂಧಿಸಿದುದು. ೧೯೪೬ರಿಂದ ಮೊದಲಾಗಿ ವಿಶ್ವಸಂಸ್ಥೆಯು ನಾನಾ ದೇಶಗಳಲ್ಲಿ ನಿಕ್ಷೇಪ ಗ್ರಂಥಭಂಡಾರಗಳನ್ನು ಗೊತ್ತುಮಾಡಿ ತನ್ನ ಲೇಖ್ಯಗಳನ್ನು ಅವುಗಳಿಗೆ ಕಳುಹಿಸುತ್ತ ಬಂದಿತು. ಕೆಲಕಾಲದ ಮೇಲೆ ಈ ಭಂಡಾರಗಳ ಸಂಖ್ಯೆಯು ಮುನ್ನೂರೈವತ್ತನ್ನು ಮೀರಿತು. ಮದರಾಸಿನ ಕಾನೆಮರಾ ಸಾರ್ವಜನಿಕ ಗ್ರಂಥಭಂಡಾರವು ಅವುಗಳಲ್ಲಿ ಒಂದು.

ಬ್ರಸೆಲ್ಸ್ ಒಪ್ಪಂದದಲ್ಲಿ ಇಲ್ಲದುದು ಈ ಏರ್ಪಾಡಿನಲ್ಲಿ ಮುಖ್ಯವಾಯಿತು. ಲೇಖ್ಯವನ್ನು ಪಡೆದ ಭಂಡಾರವು ಅದನ್ನು ಕ್ರಮವಾಗಿ ಜೋಡಿಸಿಡಬೇಕು. ಸಾರ್ವಜನಿಕರಿಗೆ ಹಣ ಕೇಳದೆ, ಯುಕ್ತವಾದ ವೇಳೆಯಲ್ಲಿ, ತೋರಿಸಬೇಕು. ಕಾಣಿಕೆಯು ಇಲ್ಲಿ ಕರ್ತವ್ಯವಾಯಿತು. ಕೊಡುವವನು ರಾಜ್ಯವಲ್ಲ, ರಾಜ್ಯಗಳ ಸಮುದಾಯ; ಕೊಳ್ಳುವವನೂ ರಾಜ್ಯವಲ್ಲ, ಓದುಗ; ನಡುವೆ ನಿಂತ ಭಂಡಾರಿಯು ಇಬ್ಬರಿಗೂ ಹೊಣೆಗಾರ.

ವಿಶ್ವಸಂಸ್ಥೆಯ ಗ್ರಂಥಭಂಡಾರವು ಯಾವ ಸ್ವರೂಪದ್ದಾಗಿರಬೇಕೆಂಬುದನ್ನು ಆಲೋಚಿಸುವುದಕ್ಕಾಗಿ ೧೯೪೮ರಲ್ಲಿ ಕೂಡಿದ ಪರಿಣತರ ಸಮಿತಿಯಲ್ಲಿ ಭಾರತದ ಎಸ್. ಆರ್. ರಂಗನಾಥನ್ ಒಬ್ಬರಾಗಿದ್ದರು. ಪುಸ್ತಕದ ಸಾರ್ಥಕ್ಯವು ಅದರ ರಕ್ಷಣೆಯಲ್ಲಿಲ್ಲ, ಉಪಯೋಗದಲ್ಲಿದೆಯೆಂಬುದನ್ನು ಮೊದಲ ಸೂತ್ರವಾಗಿಟ್ಟು ೧೯೩೧ರಲ್ಲಿ ಗ್ರಂಥಭಂಡಾರಶಾಸ್ತ್ರವನ್ನು ಐದು ಸೂತ್ರಗಳಲ್ಲಿ ನಿರೂಪಿಸಿದವರು ಅವರು. ತಮ್ಮ ಕಡೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರು. ೧೯೬೨ರಲ್ಲಿ ಅಲ್ಲಿ ಲೇಖ್ಯವಿಜ್ಞಾನದ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದರು. ೧೯೭೨ರಲ್ಲಿ ಅಲ್ಲಿಯೇ ತೀರಿಕೊಂಡರು. ನ್ಯೂಯಾರ್ಕಿನ ಭಂಡಾರಕ್ಕೆ ಫೋರ್ಡ್ ಪ್ರತಿಷ್ಠಾನದ ದ್ರವ್ಯದಿಂದ ಹೊಸ ಮಂದಿರವಾಯಿತು. ೧೯೬೧ನೆಯ ಸೆಪ್ಟೆಂಬರಿನಲ್ಲಿ ವಿಮಾನದುರಂತದಲ್ಲಿ ಮಡಿದ ಮಹಾಕಾರ್ಯದರ್ಶಿ ದಾಗ್ ಹಾಮರ್‌ಷೆಲ್ಡನ ಹೆಸರನ್ನು ಅದೇ ನವೆಂಬರಿನಲ್ಲಿ ಅದಕ್ಕೆ ಇಟ್ಟರು.

ಹೊಸ ಸಂಸ್ಥೆಯ ಸಂಕೇತಕ್ರಮವು ಹಳೆಯದಕ್ಕಿಂತ ಸರಳವಾದುದು. ಸಾಮಾನ್ಯಸಭೆಗೆ 'ಎ', ಭದ್ರತಾಸಮಿತಿಗೆ 'ಎಸ್', ಆರ್ಥಿಕ ಮತ್ತು ಸಾಮಾಜಿಕ ಸಮಿತಿಗೆ 'ಇ'. ಓರೆಗೆರೆಯ ಮುಂದೆ ಸಂಖ್ಯೆ. 'ಎಸ್/೧೫೦೧' ಎಂದರೆ ೧೯೫೦ನೆಯ ಜೂನ್ ೨೫ರಂದು ಕೊರಿಯಾದ ವಿಷಯದಲ್ಲಿ ಭದ್ರತಾಸಮಿತಿಯು ಅಂಗೀಕರಿಸಿದ ನಿರ್ಣಯ. ಆ ತಿಂಗಳು ಸಮಿತಿಯ ಅಧ್ಯಕ್ಷಪೀಠದಲ್ಲಿದ್ದವರು ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗರಾಯರು. ಸಂಕೇತದ ಕೊನೆಯಲ್ಲಿ ಬರುವ ಚಿಕ್ಕ ಗುರುತುಗಳನ್ನೂ ಅಲಕ್ಷಿಸುವಂತಿಲ್ಲ. ಒಂದು ಗುರುತು ಪರಿಷ್ಕರಣವನ್ನೂ, ಒಂದು ತಿದ್ದುಪಡಿಯನ್ನೂ, ಒಂದು ಅನುಬಂಧವನ್ನೂ ಸೂಚಿಸುತ್ತದೆ. ಮೂಲವನ್ನು ಕೊಟ್ಟು ತಿದ್ದುಪಡಿಯನ್ನು ಕೊಡದ ಭಂಡಾರಿಯು ಓದುಗನಿಗೆ ಅರ್ಧಸತ್ಯವನ್ನು ಕೊಟ್ಟಂತೆ. ಪಾಠಾಂತರಗಳನ್ನು ಬಿಟ್ಟು ಕಾವ್ಯವನ್ನು ಸಂಪಾದಿಸಿದವನ ದೋಷಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ.

೬

ಇಷ್ಟೆಲ್ಲ ಶ್ರಮದಿಂದ ಯಾರಿಗೆ ಏನು ಫಲವೆಂದು ಕೇಳಬಹುದು. ಉತ್ತರವಾಗಿ ನೈರುತ್ಯ ಆಫ್ರಿಕಾದ ಪ್ರಕರಣವೊಂದನ್ನು ನೋಡಿದರೆ ಸಾಕು. ಜರ್ಮನಿಯ ವಶದಲ್ಲಿದ್ದ ಆ ದೇಶವನ್ನು ಸರ್ವರಾಷ್ಟ್ರಸಂಘವು ೧೯೨೦ರಲ್ಲಿ ದಕ್ಷಿಣ ಆಫ್ರಿಕಾದ ಪಾಲನೆಗೆ ಒಪ್ಪಿಸಿತು. ಒಡೆತನಕ್ಕಲ್ಲ, ಪಾಲನೆಗೆ, ವರ್ಷಕ್ಕೊಮ್ಮೆ ವರದಿ ಒಪ್ಪಿಸಬೇಕೆಂಬ ಷರತ್ತು ಅದಕ್ಕಿದ್ದಿತು. ಪಾಲನಾಧಿಕಾರಗಳ ಶಾಶ್ವತ ಸಮಿತಿಯು ಈ ವರದಿಗಳನ್ನು ಪರೀಕ್ಷಿಸಿ, ಪ್ರತಿನಿಧಿಗಳನ್ನು ಪ್ರಶ್ನಿಸಿ, ತನ್ನ ನಡವಳಿಕೆಯನ್ನು ಅಚ್ಚು ಹಾಕಿಸುತ್ತಿದ್ದಿತು. ಸಂಘವು ಹೋದ ಮೇಲೆ, ಒಪ್ಪಿಸಿದವನು ಇಲ್ಲದ ಕಾರಣ ಹೊಣೆಯೂ ತನಗಿಲ್ಲವೆಂದು ದಕ್ಷಿಣ ಆಫ್ರಿಕಾವು ವಾದಿಸಿತು. ಹೆರೆರೊ ಮೊದಲಾದ ಅಲ್ಲಿನ ಜನಗಳ ಮನವಿಯನ್ನು ಮೈಕೇಲ್ ಸ್ಕಾಟ್ ಎಂಬ ಪಾದ್ರಿಯು ವಿಶ್ವಸಂಸ್ಥೆಯ ಮುಂದೆ ತಂದನು. ವಿಷಯವು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು.

೧೯೫೦ನೆಯ ಜುಲೈ ೧೧ರಂದು ನ್ಯಾಯಾಲಯವು ಕೊಟ್ಟ ಅಭಿಪ್ರಾಯದಲ್ಲಿ, ಪಾಲನೆಯ ಹೊಣೆಯು ಅಳಿದಿಲ್ಲ, ವರದಿಯನ್ನು ಕೊಡಲೇಬೇಕು ಎಂದು ಹೇಳಿತು. ಆಧಾರಗಳಲ್ಲಿ ಒಂದು, ೧೯೪೬ನೆಯ ಏಪ್ರಿಲ್ ೯ರಂದು ಸಂಘದ ಕಡೆಯ ಮಹಾಸಭೆಯಲ್ಲಿ ದಕ್ಷಿಣ ಆಫ್ರಿಕಾದ ಪ್ರತಿನಿಧಿಯೇ ಆಡಿದ ಮಾತು. ಪಾಲನಾಧಿಕಾರದ ಹೊಣೆಗಳನ್ನು ತನ್ನ ಸರ್ಕಾರವು ಮುಂದೆಯೂ ನಡೆಸಿಕೊಂಡು ಬರುವುದೆಂದು ಅವನು ಅಂದು ಹೇಳಿದ್ದನು. ಮುಗಿಯುತ್ತಿದ್ದ ಸಂಸ್ಥೆಯೊಂದರ ಖಾಲಿಯಾಗುತ್ತಿದ್ದ ಸಭೆಯಲ್ಲಿ ಆಡಿದ ಮಾತು ನಾಲ್ಕು ವರ್ಷಗಳ ಮೇಲೆ ಆಡಿದವನನ್ನೇ ಕಟ್ಟಿತು. ಮಾತು ಅಚ್ಚಾಗಿದ್ದಿತು, ಅಚ್ಚಾದುದು ಉಳಿದಿದ್ದಿತು, ಉಳಿದುದು ಕೇಳಿದವರಿಗೆ ಸಿಕ್ಕಿತು. ಪ್ರಕರಣವು ಅಲ್ಲಿಗೆ ಮುಗಿಯಲಿಲ್ಲ. ೧೯೬೬ರಲ್ಲಿ ಇಥಿಯೋಪಿಯಾ, ಲೈಬೀರಿಯಾಗಳ ದಾವೆಯನ್ನು ನ್ಯಾಯಾಲಯವು ತಳ್ಳಿಹಾಕಿತು. ೧೯೭೧ರಲ್ಲಿ ದಕ್ಷಿಣ ಆಫ್ರಿಕಾದ ಇರುವಿಕೆಯೇ ಅಕ್ರಮವೆಂದಿತು. ನಮೀಬಿಯಾ ಎಂಬ ಹೆಸರಿನಿಂದ ಆ ದೇಶವು ಸ್ವತಂತ್ರವಾದುದು ೧೯೯೦ರಲ್ಲಿ. ಸ್ವಾತಂತ್ರ್ಯವನ್ನು ತಂದವರು ಅಲ್ಲಿಯ ಜನರು, ಗ್ರಂಥಭಂಡಾರಿಗಳಲ್ಲ. ಆದರೆ ಕೊಟ್ಟ ಮಾತು ಇಲ್ಲವೆನ್ನುವವನ ಮುಂದೆ ಮಾತಿನ ಪ್ರತಿಯನ್ನು ಇಡುವುದಕ್ಕೆ ಸಾಧ್ಯವಾದುದು ಕಾಗದವನ್ನು ಕಾಯ್ದವರಿಂದ.

೭

ಈಚಿನ ಕಾಲದಲ್ಲಿ ಲೇಖ್ಯಗಳ ರೂಪವೇ ಬದಲಾಯಿತು. ೧೯೭೦ರ ದಶಕದಲ್ಲಿ ಸರ್ವರಾಷ್ಟ್ರಸಂಘದ ಲೇಖ್ಯಗಳು ಮೈಕ್ರೋಫಿಲ್ಮಿಗೆ ಇಳಿದು ದೂರದ ಭಂಡಾರಗಳನ್ನೂ ಮುಟ್ಟಿದುವು. ವಿಶ್ವಸಂಸ್ಥೆಯು ೧೯೯೩ರಲ್ಲಿ ಮೊದಲು ಮಾಡಿದ ವಿದ್ಯುನ್ಮಾನ ಲೇಖ್ಯಭಂಡಾರವು ೨೦೦೪ನೆಯ ಡಿಸೆಂಬರಿನ ಕೊನೆಯಲ್ಲಿ ಎಲ್ಲರಿಗೂ ಉಚಿತವಾಗಿ ತೆರೆಯಿತು. ೨೦೧೭ರಿಂದ ೨೦೨೨ರ ವರೆಗೆ ಜಿನೀವಾದಲ್ಲಿ ಸಂಘದ ದಫ್ತರಗಳ ಸುಮಾರು ಒಂದೂವರೆ ಕೋಟಿ ಪುಟಗಳು ಗಣಕಯಂತ್ರಕ್ಕೆ ಏರಿದುವು. ಹಿಂದೆ ಸಮುದ್ರವನ್ನು ದಾಟಿ ಹೋಗಿ ನೋಡಬೇಕಾಗಿದ್ದುದನ್ನು ಇಂದು ಧಾರವಾಡದ ವಿದ್ಯಾರ್ಥಿಯು ಕುಳಿತಲ್ಲಿಯೇ ನೋಡಬಹುದು.

ಇದರಿಂದ ಭಂಡಾರಿಯ ಕಾರ್ಯವು ತೀರಿತೆಂದು ತಿಳಿಯುವುದು ಸರಿಯಲ್ಲ. ಮುದ್ರಿತ ಪ್ರತಿಯು ನೂರಾರು ಊರುಗಳಲ್ಲಿದ್ದಾಗ ಒಂದು ಊರು ಸುಟ್ಟರೂ ಉಳಿದುವು ಇರುತ್ತಿದ್ದುವು. ಒಂದೇ ಮೂಲದಿಂದ ಎಲ್ಲರೂ ಓದುವ ಕಾಲದಲ್ಲಿ ಆ ಮೂಲವನ್ನು ಕಾಯುವ ಹೊಣೆಯು ಇಮ್ಮಡಿಯಾಗುತ್ತದೆ. ಕೋಟಿ ಪುಟಗಳ ನಡುವೆ ಬೇಕಾದ ಒಂದು ಪುಟವನ್ನು ತೋರಿಸುವವನು ಇಲ್ಲದಿದ್ದರೆ, ಹೇರಳವಾಗಿರುವುದೂ ಇಲ್ಲದಿರುವುದೂ ಓದುಗನಿಗೆ ಸಮಾನವೇ.

ಭಾಷೆಯ ಪ್ರಶ್ನೆಯೂ ಉಳಿದಿದೆ. ಸರ್ವರಾಷ್ಟ್ರಸಂಘದ ಲೇಖ್ಯಗಳು ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳಲ್ಲಿದ್ದುವು. ವಿಶ್ವಸಂಸ್ಥೆಗೆ ಅಧಿಕೃತ ಭಾಷೆಗಳು ಮೊದಲು ಐದು. ೧೯೭೩ರಲ್ಲಿ ಅರಬ್ಬಿಯು ಸೇರಿ ಆರಾದುವು. ಭಾರತದ ಯಾವ ದೇಶಭಾಷೆಯೂ ಇವುಗಳಲ್ಲಿಲ್ಲ. ೧೯೪೮ನೆಯ ಡಿಸೆಂಬರ್ ೧೦ರಂದು ಪ್ಯಾರಿಸ್ಸಿನಲ್ಲಿ ಅಂಗೀಕೃತವಾದ ಮಾನವ ಹಕ್ಕುಗಳ ಘೋಷಣೆಯು, ಎಂದರೆ ಸಾಮಾನ್ಯಸಭೆಯ ಮೂರನೆಯ ಅಧಿವೇಶನದ ೨೧೭ನೆಯ ನಿರ್ಣಯವು, ಕನ್ನಡದಲ್ಲಿಯೂ ದೊರೆಯುತ್ತದೆ. ಆದರೆ ಇದು ಅಪವಾದ. ಅಧಿಕೃತ ಲೇಖ್ಯಗಳ ಬಹುಭಾಗವು ಕನ್ನಡವೊಂದನ್ನೇ ಬಲ್ಲವನಿಗೆ ಇಂದಿಗೂ ತಾಮ್ರಪಟವೇ ಆಗಿದೆ. ಪೆಟ್ಟಿಗೆಯ ಬೀಗವು ತೆರೆದಿದೆ, ಲಿಪಿಯು ಮಾತ್ರ ಅಪರಿಚಿತ.

ವಾತ್ತೆಮಾರನ ಕಾಲದಿಂದ ಇಂದಿನವರೆಗಿನ ಈ ಚರಿತ್ರೆಯಲ್ಲಿ ಒಂದು ಕ್ರಮವು ಎದ್ದು ಕಾಣುತ್ತದೆ. ಮೊದಲು ಲೇಖ್ಯವು ರಾಜ್ಯದ ಸೊತ್ತು. ಬಳಿಕ ರಾಜ್ಯಗಳ ನಡುವಣ ಕಾಣಿಕೆ. ಅನಂತರ ಕಾನೂನಿನಿಂದ ಪ್ರಕಟವಾಗತಕ್ಕುದು. ಕಡೆಗೆ ಓದುಗನಿಗೆ ಸಲ್ಲತಕ್ಕುದು. ಮೊದಲ ಮೂರು ಮೆಟ್ಟಿಲುಗಳನ್ನು ಸರ್ಕಾರಗಳು ಕಟ್ಟಿದುವು. ನಾಲ್ಕನೆಯದನ್ನು ಕಟ್ಟುತ್ತಿರುವವರು ಸೂಚಿಯನ್ನು ಬರೆಯುವವರು, ತಿದ್ದುಪಡಿಯನ್ನು ಮೂಲದೊಡನೆ ಸೇರಿಸಿಡುವವರು, ಬಂದವನು ಯಾರೆಂದು ಕೇಳದೆ ಏನು ಬೇಕೆಂದು ಕೇಳುವವರು. ಅವರ ಹೆಸರುಗಳು ಒಪ್ಪಂದಗಳಲ್ಲಿ ಕಾಣುವುದಿಲ್ಲ. ಒಪ್ಪಂದಗಳು ಕಾಣುವುದು ಅವರಿಂದ.